ಕುರಿ ಮಲಗಿದ್ದ ಜಾಗ

ಮೂರು ವರ್ಷದ ಹಿಂದಿನ ಮಾತು. ಆ ಸಲ ಚಿತ್ತೆ ಮಳೆ ಹುಚ್ಚು ಹಿಡಿದಂತೆ ಸುರಿದು, ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ಹಳ್ಳಗಳೆಲ್ಲ ದಡ ಮೀರಿದ್ದವು. ನಾನಾಗ ಚಿತ್ರದುರ್ಗದಲ್ಲಿ ಬೆಳೆನಷ್ಟದ ನಕ್ಷೆ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಟ.

ಕೆಲಸ ಹೇಳಿದರೆ ಸುಲಭ. ಉಪಗ್ರಹ ಮೇಲಿನಿಂದ ತೆಗೆದ ಎರಡು ಚಿತ್ರ ಕಂಪ್ಯೂಟರಿಗೆ ಬರುತ್ತವೆ, ಮಳೆಗೆ ಮುಂಚಿನದೊಂದು, ಮಳೆ ನಿಂತ ಮೇಲಿನದೊಂದು. ಸಾಫ್ಟ್‌ವೇರ್ ಎರಡನ್ನೂ ಹೋಲಿಸಿ ನೀರು ನುಗ್ಗಿದ ಬೆಳೆಗೆ ಕೆಂಪು, ಉಳಿದ ಬೆಳೆಗೆ ಹಸಿರು, ಏನೂ ಬಿತ್ತದ ನೆಲಕ್ಕೆ ಬೂದು ಬಣ್ಣ ಹಚ್ಚುತ್ತದೆ. ಯಾರ ಹೊಲದಲ್ಲಿ ಎಷ್ಟು ಹೋಯಿತು ಅಂತ ಅದರಿಂದ ನಾವು ಅಂದಾಜು ಮಾಡಬೇಕು. ನನಗೋ ಆ ತೆರೆಯ ಮುಂದೆ ಕೂತರೆ ಮೈಮರೆವು. ಹೊಸದುರ್ಗದ ತೆಂಗಿನ ತೋಟಗಳು ರಾಗಿ ಚೆಲ್ಲಿದ ಹಾಗೆ ಕಾಣುತ್ತಿದ್ದವು. ಭರಮಸಾಗರದ ಕೆರೆ ಮೋಡದ ನೆರಳು ಹೊದ್ದುಕೊಂಡು ಮಲಗಿರುತ್ತಿತ್ತು. ಪಕ್ಕದವರು ಕರೆದರೂ ನನಗೆ ಕೇಳುತ್ತಿರಲಿಲ್ಲ. "ನನ್ ಮಗಳು ಮೋಡದ ಮೇಲೆ ಕುಂತು ಸಂಬಳ ತಗಂತಾಳೆ" ಎಂದು ಅಮ್ಮ ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು.

ನಕ್ಷೆ ಸರಿಯಿದೆಯೋ ಇಲ್ಲವೋ ಅಂತ ಆಗಾಗ ಸ್ಥಳಕ್ಕೆ ಹೋಗಿಯೂ ನೋಡಬೇಕಿತ್ತು. ಹಾಗೆ ಒಂದು ಮಧ್ಯಾಹ್ನ ಧರ್ಮಪುರದ ಆಚೆ ಹಳ್ಳದ ದಡದಲ್ಲಿ ಟ್ಯಾಬ್ ಹಿಡಿದು ನಿಂತಿದ್ದೆ. ಕೊಚ್ಚಿಹೋದ ಶೇಂಗಾ ಹೊಲಗಳನ್ನು ಗುರುತು ಮಾಡುತ್ತಿರುವಾಗ ನಡುವಯಸ್ಸಿನ ಒಬ್ಬ ಹೆಂಗಸು ಹತ್ತಿರ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ನಮ್ದೂ ಒಂದೀಟು ಬರ್ಕಳವ್ವ."

"ಸರ್ವೆ ನಂಬರ್ ಯಾವ್ದು ಅಕ್ಕ?"

"ನಮಗೆಲ್ಲಿ ನಂಬರವ್ವ? ಕುರಿ ಎಲ್ಲಿ ಮಲಗ್ತಾವೋ ಅದೇ ನಮ್ಮನೆ."

ಅವಳ ಹೆಸರು ಈರಕ್ಕ. ಅವಳೂ ಗಂಡ ಚಿತ್ತಣ್ಣನೂ ಹಳ್ಳದ ಪಕ್ಕದ ಹೊಲದಲ್ಲಿ ಮಂದೆ ನಿಲ್ಲಿಸಿದ್ದರಂತೆ. ಬಿತ್ತನೆಗೆ ಮುಂಚೆ ಹೊಲಕ್ಕೆ ಗೊಬ್ಬರವಾಗಲಿ ಅಂತ ರೈತರು ಕುರಿ ನಿಲ್ಲಿಸಿಕೊಳ್ಳುವುದು ನಮ್ಮ ಕಡೆ ಇದ್ದದ್ದೇ. ಸುತ್ತ ಬಲೆ ಕಟ್ಟಿ ಇವತ್ತು ಇಲ್ಲಿ, ನಾಳೆ ಪಕ್ಕದಲ್ಲಿ ಅಂತ ಜಾಗ ಬದಲಿಸುತ್ತಾ ಹೋಗುತ್ತಾರೆ. ಕೊನೆಗೆ ದಡದ ಹತ್ತಿರ ಬಂದಾಗ, ಕೋಳಿ ಕೂಗುವ ಹೊತ್ತಿಗೆ ನೀರು ಬಂದಿದೆ. ಬಲೆ ಕೊಯ್ಯುವಷ್ಟರಲ್ಲಿ ಮೇಲುಗಡೆ ಇದ್ದ ಕೆಲವು ಮಾತ್ರ ಹೊರಗೆ ಹಾರಿದ್ದು. ಮಿಕ್ಕವು ಬಲೆಯ ಸಮೇತ ಆಂಧ್ರದ ಕಡೆಗೆ ಹೋದವು.

"ಹೋಗಿದ್ದು ಹೋತು" ಎಂದಳು ಈರಕ್ಕ. "ಅರ್ಧ ಕುರಿ ನಮ್ಮ ಭಾವಂದು. ಮಂದೆ ದಡಕ್ಕೇ ಬಂದಿರ್ಲಿಲ್ಲ, ಹಿಂದಿನ ದಿನಾನೇ ನನ್ ಗಂಡ ಲಾರಿಗೆ ಹತ್ತಿಸಿ ಮಾರ್ಕಂಡು ಹಳ್ಳದ ಹೆಸ್ರು ಹೇಳ್ತಾನೆ ಅಂತಾನೆ. ಅಣ್ಣ ತಮ್ಮ ಮಾತು ಬಿಟ್ಟವ್ರೆ. ಇವ್ನು ಹೊಟ್ಟೆಗೆ ಸರಿಯಾಗಿ ತಿಂತಿಲ್ಲ. ಇಲ್ಲಿ ಕುರಿ ಇದ್ವು ಅಂತ ನಿನ್ನ ನಕ್ಷೇಲಿ ಒಂದು ಮಾತು ಹಾಕವ್ವ. ಅಷ್ಟು ಸಾಕು."

ಸುತ್ತ ನೋಡಿದೆ. ಮರಳು ಬಿಟ್ಟರೆ ಏನೂ ಇರಲಿಲ್ಲ. ಒಂದು ಹಿಕ್ಕೆ ಕೂಡ ಉಳಿದಿರಲಿಲ್ಲ. ಆದರೂ ನಕ್ಷೆಯಲ್ಲಿ ಒಂದು ಚುಕ್ಕಿ ಇಟ್ಟು 'ಕುರಿ' ಅಂತ ಬರೆದೆ. ಆಫೀಸಿಗೆ ಬಂದ ಮೇಲೆ ಆ ಚುಕ್ಕಿಯನ್ನು ಸಾಫ್ಟ್‌ವೇರ್ ಒಪ್ಪಲಿಲ್ಲ. ಬಿತ್ತದ ಹೊಲ, ಆದ್ದರಿಂದ ಬೂದು. ಪಕ್ಕದಲ್ಲಿ 'ನಷ್ಟ ಇಲ್ಲ' ಅಂತ ತಾನಾಗಿಯೇ ಬಂತು.

ಚಳಿಗಾಲ ಬಂತು. ಹಿಂಗಾರಿನ ಬೆಳೆ ಹೇಗಿದೆ ನೋಡಲು ಹೊಸ ಚಿತ್ರ ತೆರೆದಿದ್ದೆ. ಕಣ್ಣು ತಾನಾಗಿಯೇ ಆ ಹಳ್ಳದ ಕಡೆ ಹೋಯಿತು. ನೀರು ಇಳಿದ ಮೇಲೆ ಆ ಹೊಲಕ್ಕೆ ಜೋಳ ಬಿತ್ತಿದ್ದರು. ಎಲ್ಲ ಕಡೆ ತಿಳಿ ಹಸಿರು. ಅದರ ನಡುವೆ ಕಡು ಹಸಿರಿನ ಚೌಕಗಳು, ಒಂದರ ಪಕ್ಕ ಒಂದು, ಕೌದಿಗೆ ತೇಪೆ ಹಾಕಿದ ಹಾಗೆ ಹಳ್ಳದ ಕಡೆಗೆ ನಡೆದುಕೊಂಡು ಹೋಗಿದ್ದವು. ಮೊದಲು ಏನಿದು ಅಂತ ಹೊಳೆಯಲಿಲ್ಲ. ಆಮೇಲೆ ನಮ್ಮ ತಾತ ನೆನಪಾದ. ಚಿಕ್ಕವಳಿದ್ದಾಗ ಹೊಲದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ನೋಡು, ಕುರಿ ಮಲಗಿದ್ದ ಜಾಗದಾಗೆ ಪೈರು ಹೆಂಗೆ ಕರ್ರಗೆ ಎದ್ದೈತೆ" ಎಂದು ತೋರಿಸುತ್ತಿದ್ದ. ಹಿಕ್ಕೆ ಕೊಚ್ಚಿಹೋದರೂ ನೆಲಕ್ಕಿಳಿದ ಸಾರ ಉಳಿದಿತ್ತು. ಅವು ಮಲಗಿದ್ದ ಒಂದೊಂದು ಜಾಗವೂ ಎದ್ದು ಬಂದಿತ್ತು. ಕೊನೆಯ ಚೌಕ ದಡದಲ್ಲಿತ್ತು. ಅದು ಅರ್ಧವೇ ಇತ್ತು. ಇನ್ನರ್ಧ ಹಳ್ಳ.

ಆ ಭಾನುವಾರವೇ ಧರ್ಮಪುರದ ಬಸ್ಸು ಹತ್ತಿದೆ. ಇಬ್ಬನಿ ಇನ್ನೂ ಕರಗಿರಲಿಲ್ಲ, ದಾರಿಯುದ್ದಕ್ಕೂ ಹೊಲಗಳು ನಿದ್ದೆಯಲ್ಲಿದ್ದ ಹಾಗಿದ್ದವು. ಈರಕ್ಕನ ಹಟ್ಟಿ ಹುಡುಕಿಕೊಂಡು ಹೋದರೆ, ಎರಡು ಮನೆಗಳ ನಡುವೆ ಹೊಸದಾಗಿ ಜಾಲಿ ಮುಳ್ಳಿನ ಬೇಲಿ ಎಳೆದಿದ್ದರು. ಆಚೆ ಮನೆಯೇ ಅಣ್ಣ ಕರಿಯಣ್ಣನದು. ಆತ ಜಗಲಿಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದ. ನಾನು ಬಂದದ್ದು ಕಂಡರೂ ತಲೆ ಎತ್ತಲಿಲ್ಲ.

"ಬಾರವ್ವ, ಕುಂತ್ಕ" ಎಂದು ಈರಕ್ಕ ಕಂಬಳಿ ಹಾಸಿದಳು. ಚಿತ್ತಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಟ್ಯಾಬ್ ತೆರೆದು ತೋರಿಸಿದೆ. ಇಬ್ಬರೂ ಬಗ್ಗಿ ನೋಡಿದರು. ಆಮೇಲೆ ಈರಕ್ಕನ ಬೆರಳು ಮೊದಲ ಚೌಕದ ಮೇಲೆ ಬಂತು.

"ಇಲ್ಲಿ ಬಲೆ ಕಟ್ಟಿದ ದಿನ ಗಾಳಿ ಜಾಸ್ತಿ ಇತ್ತು, ಗೂಟ ಕಿತ್ಕಂಡು ಹೋತು. ಇಲ್ಲಿ ನಾಯಿ ಬೊಗಳಿ ಬೊಗಳಿ ಸಾಕು ಮಾಡ್ತು. ಇಲ್ಲಿ..." ಬೆರಳು ಇನ್ನೊಂದು ಚೌಕಕ್ಕೆ ಸರಿಯಿತು. "ಇಲ್ಲಿ ಕೆಂಚಿ ಮರಿ ಹಾಕಿದ್ಲು."

ಬೇಲಿಯ ಆಚೆ ಉಣ್ಣೆ ಹಿಂಜುತ್ತಿದ್ದ ಕೈ ನಿಂತಿತು.

"ಕೆಂಚಿ ಮರಿ ಹಾಕಿತ್ತಾ?"

ಕೆಂಚಿ ಕರಿಯಣ್ಣ ತಾನೇ ಸಾಕಿದ ಕುರಿಯಂತೆ.

"ಹೂಂ ಭಾವ. ಹೆಣ್ ಮರಿ. ಹಣೆ ಮೇಲೆ ಬಿಳಿ ಚುಕ್ಕೆ ಇತ್ತು."

"ನಂಗ್ಯಾರೂ ಹೇಳ್ಲೇ ಇಲ್ಲ."

"ನೀನು ಮಾತಾಡ್ಸಿದ್ರೆ ತಾನೆ ಹೇಳೋದು!"

ಕರಿಯಣ್ಣ ಎದ್ದು ಬೇಲಿ ಸುತ್ತಿಕೊಂಡು ಬಂದ. ಟ್ಯಾಬ್ ಆತನ ಕೈಗೆ ಕೊಟ್ಟೆ. ದಡದ ಚೌಕವನ್ನು ದೊಡ್ಡದು ಮಾಡಿ ತೋರಿಸಿದೆ. ಬಹಳ ಹೊತ್ತು ನೋಡಿ, "ಇದ್ರ ಇನ್ನರ್ಧ ಎಲ್ಲಿ?" ಎಂದ.

"ಹಳ್ಳ" ಎಂದೆ.

ಆತ ಟ್ಯಾಬ್ ನನಗೆ ವಾಪಸು ಕೊಟ್ಟ. ಕಣ್ಣೊರೆಸಿಕೊಂಡು, "ಲೇ ಚಿತ್ತ, ನೀರು ಬಂದಾಗ ನೀನೆಲ್ಲಿದ್ದೆ?" ಎಂದು ಕೇಳಿದ. ಅಷ್ಟು ದಿನದ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು.

"ಬಲೆ ಒಳಗೇ ಇದ್ದೆ ಕಣಣ್ಣ."

"ನೀನೂ ಹೋಗಿಬಿಟ್ಟಿದ್ರೆ ಏನ್ಲೇ ಮಾಡ್ತಿದ್ದೆ ನಾನು..." ಎಂದ ಕರಿಯಣ್ಣ. ಆಮೇಲೆ, "ನಡಿ, ಹೊಲಕ್ಕೆ ಹೋಗಾಣ" ಎಂದು ತಾನೇ ಮುಂದೆ ಹೊರಟ.

ನಾವು ನಾಲ್ವರೂ ಹೋದೆವು. ನೆಲದ ಮೇಲೆ ನಿಂತರೆ ಚೌಕಗಳು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆದರೆ ಚಿತ್ತಣ್ಣ ತನ್ನ ಮನೆಯ ಕೋಣೆಗಳಲ್ಲಿ ಓಡಾಡುವವನ ಹಾಗೆ ಆ ಜೋಳದ ನಡುವೆ ನಡೆದು, ಅಣ್ಣನಿಗೆ ಒಂದೊಂದೇ ತೋರಿಸುತ್ತಾ ಹೋದ. ದಡದಲ್ಲಿ ಇಬ್ಬರೂ ನಿಂತರು. ಕರಿಯಣ್ಣ ತಮ್ಮನ ಹೆಗಲ ಮೇಲೆ ಕೈ ಹಾಕಿದ. ಬಿಸಿಲು ಮಂದವಾಗಿತ್ತು. ನಾನು ಎಚ್ಚರವಾಗಿದ್ದೇನೋ ಕನಸು ಕಾಣುತ್ತಿದ್ದೇನೋ ಎನ್ನುವಂತಾಗಿತ್ತು.

ಆ ಚಿತ್ರವನ್ನು ಟಿಪ್ಪಣಿಯ ಜೊತೆ ಮೇಲಿನವರಿಗೆ ಕಳಿಸಿದೆ. ನಕ್ಷೆಯಲ್ಲಿ ಆ ಹೊಲದ ಮುಂದೆ ಇವತ್ತಿಗೂ 'ನಷ್ಟ ಇಲ್ಲ' ಅಂತಲೇ ಇದೆ. ಅದನ್ನು ನೋಡಿದಾಗೆಲ್ಲ ಸಿಟ್ಟು ಬರುತ್ತದೆ. ಆದರೆ ಹಟ್ಟಿಯಲ್ಲಿ ಬೇಲಿ ಹೋಗಿದೆ. ಉಳಿದ ಕುರಿಗಳಿಂದ ಮತ್ತೆ ಮಂದೆ ಬೆಳೆಯುತ್ತಿದೆ.

ಈಗಲೂ ಮಂದೆ ನಿಲ್ಲಿಸುವ ಕಾಲ ಬಂದರೆ ಈರಕ್ಕ ಫೋನ್ ಮಾಡುತ್ತಾಳೆ. "ಇವತ್ತು ಇಂಥಾ ಊರ ಹೊಲದಾಗೆ ಅದೀವಿ. ಹಳ್ಳದಿಂದ ದೂರಾನೇ ಬಲೆ ಕಟ್ಟೀವಿ. ಮೇಲಿಂದ ಕಾಣ್ತೀವೇನವ್ವ?"

ನಮಗೆ ಬರುವ ಚಿತ್ರದಲ್ಲಿ ಒಂದು ಕುರಿಯಾಗಲಿ ಒಬ್ಬ ಮನುಷ್ಯನಾಗಲಿ ಕಾಣುವುದಿಲ್ಲ. ಆದರೂ ನಾನು ತೆರೆಯ ಮೇಲೆ ಅವಳು ಹೇಳಿದ ಊರಿನ ಬೂದು ಹೊಲವನ್ನು ಹುಡುಕಿ, ಅದನ್ನೇ ನೋಡುತ್ತಾ ಹೇಳುತ್ತೇನೆ: "ಕಾಣ್ತಿದೀರಿ ಈರಕ್ಕ. ಎಲ್ಲರೂ ಕಾಣ್ತಿದೀರಿ."