ಗಂಡನ ಹೆಸರು

ಧರ್ಮ ಸಾರಲು ಕಡಲು ದಾಟಿ ಬಂದ ಮುದಿ ದೊರೆ, ದೊರೆಸಾನಿ ಕೌಲ್ ಬಜಾರಿನಲ್ಲಿ ನಮ್ಮ ನೆರೆಯಲ್ಲೇ ಇದ್ದರು. ಊಟಕ್ಕಾಗಲಿ ಪ್ರಾರ್ಥನೆಗಾಗಲಿ ಆಕೆ ಗಂಡನನ್ನು ಹೆಸರು ಹಿಡಿದೇ ಕೂಗುತ್ತಿದ್ದಳು. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮಲ್ಲಿ ನಂಬಿಕೆ.

"ಆದ್ರೂ ಮುದುಕ ಗುಂಡುಕಲ್ಲಿನಂಗ ಅದಾನಲ್ರಿ!" ಎಂದೆ ಅತ್ತೆಗೆ.

"ಬಾಯಿ ಮುಚ್ಚು. ನಿನ್ನ ಗಂಡ ಗಟ್ಟಿ ಇರಲಿ," ಎಂದು ಗದರಿದರು.

ನನಗೆ ತಡೆಯಲಾಗಲಿಲ್ಲ. ಗಂಡ ಬಂಡಿ ಹೂಡಿಕೊಂಡು ಸಿರುಗುಪ್ಪಕ್ಕೆ ಹೋದ ದಿನ, ಬೀಸುಕಲ್ಲಿನ ಸದ್ದಿನ ಮರೆಯಲ್ಲಿ ಅವನ ಹೆಸರನ್ನು ಒಮ್ಮೆ ಅಂದು ನೋಡಿದೆ. ಬಾಯಿಗೆ ಹಿತವಾಗಿತ್ತು. ಆಮೇಲೆ ಅವನು ಬರುವ ತನಕ ಬಾಗಿಲು ಬಿಟ್ಟು ಕದಲಲಿಲ್ಲ.

ಸಂಜೆ ಬಂದವನೇ ನೀರು ಕೇಳಿದ. ಕುಡಿಯುವಾಗ ನೆತ್ತಿ ಹತ್ತಿ ಕೆಮ್ಮಿದ. ನನ್ನ ಜೀವ ಬಾಯಿಗೆ ಬಂತು.

ಕಣ್ಣೊರೆಸಿಕೊಂಡು ನಕ್ಕ. "ಯಾರೋ ನನ್ನ ಹೆಸರು ತಗೊಂಡಾರ ನೋಡು!"