ಅಧ್ಯಕ್ಷನಿಗೆಂದು ಮಾಡಿದ ಕಪ್ಪು ಬಿಯರ್

ಪೀಪಾಯಿ ಎಂದು ಅವನಿಗೆ ಹೆಸರು ಬಿದ್ದದ್ದು ಬಿಯರಿನಿಂದಲ್ಲ, ಪೊಲೀಸರಿಂದ. ಕಾರ್ಖಾನೆಯ ಗೇಟಿನ ಮುಂದೆ ಮುಷ್ಕರ ನಡೆಯುತ್ತಿದ್ದ ಕಾಲ. ಲಾಠಿ ಬೀಸತೊಡಗಿದಾಗ ಎಲ್ಲರೂ ಕಾಂಪೌಂಡ್ ಹಾರಿದರು. ಇವನ ಹೊಟ್ಟೆಗೆ ಕಾಂಪೌಂಡ್ ಒಗ್ಗಲಿಲ್ಲ. ಅಲ್ಲೇ ಬಿದ್ದಿದ್ದ ಖಾಲಿ ಎಣ್ಣೆ ಪೀಪಾಯಿಯೊಳಗೆ ಇಳಿದು ಕೂತ. ಇಳಿದದ್ದು ಸುಲಭವಾಗಿಯೇ, ಎದ್ದು ಬರಲು ಮಾತ್ರ ಆಗಲಿಲ್ಲ. ಕೊನೆಗೆ ಹೊಡೆಯಲು ಬಂದ ಪೊಲೀಸರೇ ಇಬ್ಬರು ತೋಳು ಹಿಡಿದು, ಇನ್ನೊಬ್ಬ ಪೀಪಾಯಿ ಹಿಡಿದು ಜಗ್ಗಿ ತೆಗೆದರು. ನಕ್ಕು ನಕ್ಕು ಅವರಿಗೆ ಹೊಡೆಯುವುದೇ ಮರೆತುಹೋಯಿತು. ಅಂದಿನಿಂದ ಅವನ ಅಪ್ಪ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ಮುಷ್ಕರ ಸೋತಿತು, ಕಾರ್ಖಾನೆಗೆ ಬೀಗ ಬಿತ್ತು. ಜಿಂದಾಬಾದ್ ಕೂಗಿದ ಗಂಟಲುಗಳೆಲ್ಲ ಕೆಲಸ ಕೇಳಿಕೊಂಡು ಬೀದಿ ಬೀದಿ ಅಲೆದವು. ಪೀಪಾಯಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಬೆಂಕಿ, ನೀರು, ಉಗಿ ಬಿಟ್ಟರೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಹಳೆಯ ಗೋದಾಮಿನಲ್ಲಿ ಒಬ್ಬಾಕೆ ಸಣ್ಣದೊಂದು ಬಿಯರ್ ಮಾಡುವ ಜಾಗ, ಪಕ್ಕದಲ್ಲೇ ರೆಸ್ಟೋರೆಂಟು ತೆರೆದಿದ್ದಳು. ದೊಡ್ಡ ಹಂಡೆ ಕುದಿಸಲು ಉಗಿ ಬಲ್ಲವನು ಬೇಕಿತ್ತು. ಇವನು ಉಗಿ ನೋಡಲು ಹೋದವನು, ವರ್ಷಗಳು ಕಳೆದ ಮೇಲೆ ಬಿಯರ್ ಮಾಡುವವನೇ ಆಗಿಬಿಟ್ಟ.

ಅವನಿಗೆ ಪುಸ್ತಕ ಓದಿ ಬಂದದ್ದಲ್ಲ ಅದು. ಮೂಗಿನಿಂದ ಬಂದದ್ದು. ಹುರಿದ ಬಾರ್ಲಿಯ ಮೂಟೆ ಬಿಚ್ಚಿದರೆ ಕೈ ಹಾಕುವ ಮೊದಲು ಮೂಗು ಹಾಕುತ್ತಿದ್ದ. ಟ್ಯಾಂಕಿನ ಮುಚ್ಚಳ ತೆಗೆದು ತಲೆಯನ್ನೇ ಒಳಗೆ ತೂರಿಸಿ ಒಮ್ಮೆ ಉಸಿರೆಳೆದುಕೊಂಡರೆ ಮುಗಿಯಿತು, ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಾಗುತ್ತಿತ್ತು. "ಮತ್ತೆ ಸಿಕ್ಕಿಹಾಕ್ಕೊಂಡೀಯ, ಈ ಸಲ ಪೊಲೀಸರೂ ಬರಲ್ಲ," ಎಂದು ಗೆಳೆಯರು ಆಡಿಕೊಳ್ಳುತ್ತಿದ್ದರು.

ಗೆಳೆಯರೆಂದರೆ ಕಾರ್ಖಾನೆಯವರೇ. ಲೇತ್ ಮೆಷಿನ್ ಓಡಿಸುತ್ತಿದ್ದ ಲೇತಣ್ಣ ಈಗ ನೀರಿನ ಪಂಪು ರಿಪೇರಿ ಮಾಡುತ್ತಾನೆ. ಕಾರ್ಖಾನೆಯ ಲಾರಿ ಬಿಟ್ಟ ಡ್ರೈವರ್ ಈಗ ಶಾಲೆಯ ಬಸ್ಸು ಹೊಡೆಯುತ್ತಾನೆ. ಪ್ಯಾಕಿಂಗ್ ವಿಭಾಗದಲ್ಲಿದ್ದ ಅಕ್ಕ, ಈಗ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಚುತ್ತಾಳೆ. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿ ಜೋರಿದ್ದುದರಿಂದ ಅಕ್ಕ. ಇನ್ನು ಅಧ್ಯಕ್ಷ. ಸಂಘವೇ ಸತ್ತು ಎಷ್ಟೋ ಕಾಲವಾಗಿತ್ತು, ಆದರೂ ಅಧ್ಯಕ್ಷ ಅಧ್ಯಕ್ಷನೇ. ಟೇಬಲಿನ ತುದಿಯ ಕುರ್ಚಿ ಅವನದು. ಬಿಯರ್ ಬಂದರೆ ಭಾಷಣ ಮಾಡುವವನ ಹಾಗೆ ಗಂಟಲು ಸರಿಮಾಡಿಕೊಂಡು, ಒಂದು ಗುಟುಕು ಕುಡಿದು ತೀರ್ಪು ಕೊಡುತ್ತಿದ್ದ. ಚೆನ್ನಾಗಿಲ್ಲದಿದ್ದರೆ ಪಕ್ಕದ ಹೂಕುಂಡಕ್ಕೆ ಉಗಿಯುತ್ತಿದ್ದ. ಆ ಕುಂಡದಲ್ಲಿ ಯಾವ ಗಿಡವೂ ಬಹಳ ದಿನ ಬಾಳಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಅಡುಗೆಮನೆಯ ಹಿಂದಿನ ಗುಂಡು ಟೇಬಲು ಈ ಐವರದು. ಕರಿದ ಆಲೂಗಡ್ಡೆ, ಸುಟ್ಟ ಮಾಂಸ, ಬ್ರೆಡ್ಡು, ಬೈಗುಳ. ಡ್ರೈವರ್ ಬಸ್ಸಿನ ಮಕ್ಕಳ ಕತೆ ಹೇಳುವನು, ಲೇತಣ್ಣ ಪಂಪಿನಲ್ಲಿ ಸಿಕ್ಕ ಕಪ್ಪೆಯ ಕತೆ. ಅಕ್ಕ ಇಬ್ಬರಿಗೂ ಮಂಗಳಾರತಿ ಎತ್ತುವಳು. ಪೀಪಾಯಿಗೆ ಹೆಂಡತಿ ಮಕ್ಕಳಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಟೈಮ್ ಸಿಗಲಿಲ್ಲ" ಎನ್ನುತ್ತಿದ್ದ. ಅವನ ಸಂಸಾರವೆಂದರೆ ಆ ಗುಂಡು ಟೇಬಲೇ.

ಹೀಗಿರುವಾಗ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕೊಂಡುಹೋಯಿತು. ಮುಖದ ಮೇಲೆ ಮೂಗಿತ್ತು, ವಾಸನೆ ಇರಲಿಲ್ಲ. ನಾಲಿಗೆಯೂ ಅರ್ಧಕ್ಕರ್ಧ ಸತ್ತಿತು; ಬಿಸಿ, ತಣ್ಣಗೆ, ಖಾರ ಬಿಟ್ಟರೆ ಉಳಿದದ್ದೆಲ್ಲ ಸೌದೆ ಅಗಿದ ಹಾಗೆ. ಡಾಕ್ಟರು ಕಾದು ನೋಡಿ ಎಂದರು. ಕಾದ, ಏನೂ ಬರಲಿಲ್ಲ.

ಒಡತಿಗೆ ಹೇಳಲು ಧೈರ್ಯವಾಗಲಿಲ್ಲ. ಗುಂಡು ಟೇಬಲಿಗೆ ಹೇಳಿದ. ಹೇಳುವಾಗ ತಟ್ಟೆ ನೋಡಿಕೊಂಡೇ ಹೇಳಿದ.

ಅಕ್ಕ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟಳು. ಆಮೇಲೆ ಅಧ್ಯಕ್ಷ ಗಂಟಲು ಸರಿಮಾಡಿಕೊಂಡ.

"ಲೋ ಪೀಪಾಯಿ, ನಿನ್ನ ಒಂದು ಮೂಗು ಹೋಯ್ತು. ಇಲ್ಲಿ ನಾಲ್ಕು ಕೂತಿವೆ. ಲೆಕ್ಕದಲ್ಲಿ ನಿನಗೆ ಲಾಭ ಕಣೋ."

"ಇವನ ಮೂಗು ಬೇಡ," ಎಂದಳು ಅಕ್ಕ, ಲೇತಣ್ಣನನ್ನು ತೋರಿಸಿ. "ಗ್ರೀಸ್ ಹಚ್ಚಿದ ಬ್ರೆಡ್ಡನ್ನೂ ಬೆಣ್ಣೆ ಅಂತ ತಿಂತಾನೆ."

"ಒಂದು ಸಲ ತಿಂದೆ ಕಣೆ, ಒಂದೇ ಸಲ!"

ಆ ದಿನದಿಂದ ಹೊಸ ಪದ್ಧತಿ ಶುರುವಾಯಿತು. ಶನಿವಾರ ಬೆಳಗ್ಗೆ ರೆಸ್ಟೋರೆಂಟು ತೆರೆಯುವ ಮೊದಲು ನಾಲ್ವರೂ ಹಿಂಬಾಗಿಲಿನಿಂದ ಬರುವರು. ಪೀಪಾಯಿ ಒಂದೊಂದು ಟ್ಯಾಂಕಿನಿಂದ ಒಂದೊಂದು ಲೋಟ ಹಿಡಿದು ತರುವನು. ಅವರು ಮೂಸುವರು, ಕುಡಿಯುವರು, ಜಗಳವಾಡುವರು. ಮೊದಮೊದಲು ರುಚಿ ಹೇಳಲು ಅವರಿಗೆ ಮಾತೇ ಸಾಲುತ್ತಿರಲಿಲ್ಲ. ಅದಕ್ಕೆಂದು ಪೀಪಾಯಿ ಅವರನ್ನು ಡ್ರೈವರನ ಸ್ನೇಹಿತನ ವ್ಯಾನಿನಲ್ಲಿ ಹಾಕಿಕೊಂಡು ಊರಿನಲ್ಲಿ ಬಿಯರ್ ಮಾಡುವ ಬೇರೆ ಜಾಗಗಳಿಗೆಲ್ಲ ಕರೆದೊಯ್ದ. ಇಲ್ಲಿಯದು ಹೇಗಿದೆ, ಅಲ್ಲಿಯದು ಹೇಗಿದೆ ಎಂದು ಕೇಳಿ ಕೇಳಿ ಕಲಿಸಿದ. ಪಾಠ ಎಂದು ಹೊರಟದ್ದು ಸಂಜೆ ಹೊತ್ತಿಗೆ ಮೆರವಣಿಗೆಯಾಗುತ್ತಿತ್ತು. ವ್ಯಾನಿನಲ್ಲಿ ಹಳೆಯ ಘೋಷಣೆಗಳೆಲ್ಲ ಹೊರಬರುತ್ತಿದ್ದವು. ಪೀಪಾಯಿಯ ಬದುಕಿನಲ್ಲಿ ಅಷ್ಟು ನಕ್ಕ ಕಾಲ ಇನ್ನೊಂದಿರಲಿಲ್ಲ.

ಅವರ ನಾಲಿಗೆಗೆ ದಯೆ ದಾಕ್ಷಿಣ್ಯ ಇರಲಿಲ್ಲ. "ಇದು ಒದ್ದೆ ನಾಯಿ," ಎನ್ನುವಳು ಅಕ್ಕ. "ಶಾಲೆ ಬಸ್ಸಿನ ಕೊನೇ ಸೀಟು," ಎನ್ನುವನು ಡ್ರೈವರ್. ಅಧ್ಯಕ್ಷ ಉಗಿಯುವನು. ಅವರ ಒಂದು ಮಾತಿಗೆ ಪೀಪಾಯಿ ಇಡೀ ಟ್ಯಾಂಕು ಚರಂಡಿಗೆ ಬಿಟ್ಟದ್ದುಂಟು. ಬಿಡುವಾಗ ಅವನಿಗೆ ಒಂದಿಷ್ಟೂ ನೋವಾಗುತ್ತಿರಲಿಲ್ಲ. ಕುರುಡ ಕೈಹಿಡಿದವನ ಹಿಂದೆ ನಡೆಯುವ ಹಾಗೆ, ನಿಶ್ಚಿಂತೆಯಾಗಿ ನಡೆಯುತ್ತಿದ್ದ.

ಒಂದು ಬೆಳಗ್ಗೆ ಅಧ್ಯಕ್ಷ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದವನು ಹಾಗೆಯೇ ಮುಗ್ಗರಿಸಿ ಬಿದ್ದು ತೀರಿಹೋದ. ಹೃದಯ ಎಂದರು.

ಅಧ್ಯಕ್ಷನ ಹೆಂಡತಿಯನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಅವಳು ಅಳು ಮುಗಿಸಿ ಹೇಳಿದ್ದು ಇಷ್ಟೇ: "ಶಾಸ್ತ್ರ ಗೀಸ್ತ್ರ ಏನೂ ಬೇಡ. ಅವರಿಗೆ ಅದು ಆಗ್ತಾ ಇರಲಿಲ್ಲ. ನಿಮ್ಮ ಆ ಟೇಬಲ್ ಹತ್ರಾನೇ ಒಂದಿನ ಎಲ್ಲರನ್ನೂ ಕರೀರಿ."

ಪೀಪಾಯಿ ಅಧ್ಯಕ್ಷನಿಗೆಂದು ಬಿಯರ್ ಮಾಡಲು ನಿಂತ. ಅವನಿಗೆ ಇಷ್ಟವಾಗುತ್ತಿದ್ದ ಕಪ್ಪು ಬಿಯರ್. ಹೊಗೆಯ ವಾಸನೆ, ಕಾಫಿಯ ಕಹಿ, ಮೇಲೆ ದಪ್ಪ ನೊರೆ. ಬಾರ್ಲಿಯನ್ನು ತಾನೇ ಇನ್ನೊಮ್ಮೆ ಹುರಿದ. ಕಪ್ಪಾದದ್ದು ಕಣ್ಣಿಗೆ ಕಂಡಿತು, ಸಾಕು ಎನಿಸುವ ವಾಸನೆ ಬಂತೋ ಇಲ್ಲವೋ ಗೊತ್ತಾಗಲಿಲ್ಲ. ಹಂಡೆಯ ಮುಂದೆ ನಿಂತಾಗ ಬೆವರಿನ ಜೊತೆ ಕಣ್ಣೀರೂ ಇಳಿಯಿತು. ಉಗಿಯ ನೆಪ ಇದ್ದುದರಿಂದ ಯಾರೂ ಕೇಳಲಿಲ್ಲ. ಟ್ಯಾಂಕಿನ ಕೆಳಗಿನ ವಾಲ್ವಿನ ರಬ್ಬರ್ ವಾಷರ್ ಒಳಗೇ ಕೊಳೆತಿತ್ತು. ಮೊದಲಾಗಿದ್ದರೆ ತೊಳೆಯುವಾಗಲೇ ಮೂಗಿಗೆ ಹೊಡೆದು ಬಿಚ್ಚಿ ಎಸೆಯುತ್ತಿದ್ದ. ಈಗ ನೀರು ಸ್ವಚ್ಛವಾಗಿ ಹರಿಯಿತು, ಸ್ವಚ್ಛವಾಯಿತು ಎಂದುಕೊಂಡ.

ಎಲ್ಲರನ್ನೂ ಕರೆದಿದ್ದ ಭಾನುವಾರದ ಹಿಂದಿನ ದಿನ, ಶನಿವಾರ, ಮೂವರು ಬಂದರು. ತುದಿಯ ಕುರ್ಚಿ ಖಾಲಿ. ಪೀಪಾಯಿ ಲೋಟ ತಂದಿಟ್ಟ. ಟೇಬಲಿಗೆ ಚೆಲ್ಲಿದ ನೊರೆಯನ್ನು ತೋಳಿನಿಂದಲೇ ಒರೆಸಿದ.

"ಅಧ್ಯಕ್ಷನಿಗೆ ಕಣ್ರೋ," ಎಂದ. "ಸರಿಯಾಗಿ ನೋಡಿ ಹೇಳಿ."

ಅಕ್ಕ ಮೊದಲು ಕುಡಿದಳು. ಲೋಟದ ಮೇಲಿನಿಂದ ಅವನ ಮುಖ ನೋಡಿದಳು. "ಚೆನ್ನಾಗಿದೆ," ಎಂದಳು. ಡ್ರೈವರ್ ಕುಡಿದ, ಅಕ್ಕನನ್ನು ನೋಡಿದ. "ಹೌದು, ಚೆನ್ನಾಗಿದೆ." ಲೇತಣ್ಣ ಇಬ್ಬರನ್ನೂ ನೋಡಿ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಬಾಯಿ ಒರೆಸಿಕೊಂಡ. "ಫಸ್ಟ್ ಕ್ಲಾಸ್."

ಜಗಳವಿಲ್ಲ, ನಾಯಿಯಿಲ್ಲ, ಬಸ್ಸಿಲ್ಲ. ದುಃಖದಲ್ಲಿದ್ದಾರೆ, ಪಾಪ, ಎಂದುಕೊಂಡ ಪೀಪಾಯಿ.

ಭಾನುವಾರ ಹಳೆಯ ಕಾರ್ಖಾನೆಯವರೆಲ್ಲ ಬಂದರು. ತಲೆ ನೆರೆತವರು, ಹಲ್ಲು ಹೋದವರು, ಕೋಲು ಹಿಡಿದವರು. ಎಲ್ಲರ ಕೈಗೂ ಕಪ್ಪು ಬಿಯರ್ ಹೋಯಿತು. ಲೇತಣ್ಣ ಎದ್ದು ನಿಂತು "ಅಧ್ಯಕ್ಷನಿಗೆ!" ಎಂದು ಕೂಗಿದ. ಎಲ್ಲರೂ ಕುಡಿದರು. ಒಬ್ಬನ ಮುಖವೂ ಕದಲಲಿಲ್ಲ. ಲಾಠಿ ಏಟಿಗೆ ಹಲ್ಲು ಕಚ್ಚಿ ನಿಂತಿದ್ದ ಜನ ಅವರು. ಒಂದು ಲೋಟ ಹುಳಿ ಬಿಯರಿಗೆ ಬಾಯಿ ಬಿಡುತ್ತಾರೆಯೇ?

ಅತ್ತಿಗೆ ಬದುಕಿನಲ್ಲಿ ಬಿಯರ್ ಮುಟ್ಟಿದವಳಲ್ಲ. ಗಂಡನ ಹೆಸರಿಗೆ ಎಂದು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಮುಖ ಹಿಂಡಿತು. ಸೆರಗು ಬಾಯಿಗೊತ್ತಿಕೊಂಡು, ನಿಜವಾದ ಅಚ್ಚರಿಯಿಂದ ಪೀಪಾಯಿಯನ್ನು ಕೇಳಿದಳು:

"ಇದನ್ನ ಕುಡಿಯೋಕೇನಪ್ಪಾ ಅವರು ಪ್ರತಿ ಭಾನುವಾರ ನನ್ನ ಬಿಟ್ಟು ಬರ್ತಾ ಇದ್ದಿದ್ದು? ಕೆಟ್ಟ ಹಣ್ಣಿನ ನೀರಿನ ಥರ ಇದೆಯಲ್ಲಾ. ಇದಕ್ಕೇನಾ?"

ಪೀಪಾಯಿ ಅಕ್ಕನ ಮುಖ ನೋಡಿದ. ಅವಳು ನೆಲ ನೋಡಿದಳು. ಡ್ರೈವರನ ಕಡೆ ತಿರುಗಿದ. ಅವನು ಬ್ರೆಡ್ಡು ಚೂರು ಮಾಡುತ್ತಿದ್ದ. ಲೇತಣ್ಣ ಮಾತ್ರ "ಅತ್ತಿಗೆಗೆ ಅಭ್ಯಾಸ ಇಲ್ಲ, ಅದಕ್ಕೇ" ಎಂದು ಶುರುಮಾಡಿದವನು ಅರ್ಧಕ್ಕೇ ನಿಂತ.

ಪೀಪಾಯಿ ಅತ್ತಿಗೆಯ ಕೈಯಿಂದ ಲೋಟ ತೆಗೆದುಕೊಂಡ. "ಇದಲ್ಲ ಅತ್ತಿಗೆ," ಎಂದ. "ಅವನು ಕುಡೀತಿದ್ದದ್ದು ಇದಲ್ಲ." ಒಳಗೆ ಹೋಗಿ ಟ್ಯಾಂಕಿನ ವಾಲ್ವು ತಿರುಗಿಸಿದ. ಕಪ್ಪು ಬಿಯರ್ ಚರಂಡಿಗೆ ಹರಿಯತೊಡಗಿತು.

ಮೂವರೂ ಹಿಂದೆಯೇ ಬಂದರು.

"ನಿನ್ನ ಮುಖ ನೋಡಿ ಹೇಳೋಕಾಗಲಿಲ್ಲ ಕಣೋ," ಎಂದಳು ಅಕ್ಕ. "ಒಂದು ದಿನ ಕಳೀಲಿ ಅಂದ್ಕೊಂಡೆ."

"ನೀವಿಬ್ಬರು?"

ಡ್ರೈವರ್ ಕತ್ತು ಕೆರೆದುಕೊಂಡ. "ಅಕ್ಕ ಹೇಳಿಬಿಟ್ಟಿದ್ದಳಲ್ಲ. ಒಬ್ಬರು ಮಾತು ಕೊಟ್ಟ ಮೇಲೆ ಉಳಿದವರು ಮುರೀಬಾರದು. ಗೇಟಿನ ಹತ್ರ ಅಧ್ಯಕ್ಷ ನಮಗೆ ಕಲಿಸಿದ್ದು ಅದೇ ಅಲ್ವಾ?"

ಪೀಪಾಯಿ ನಕ್ಕ. ಆ ನಗು ಕೇಳಿ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಅದು ಮಾಲೀಕನ ಮುಂದೆ ಕಣೋ," ಎಂದ. "ನಾನು ಮಾಲೀಕನೇನೋ? ಗೇಟಿನ ಆಚೆ ಬದಿಯವನಾ ನಾನು?"

ಚರಂಡಿಗೆ ಹರಿಯುತ್ತಿದ್ದ ಬಿಯರನ್ನು ನೋಡುತ್ತ ಪೀಪಾಯಿಯೇ ಮುಂದುವರಿಸಿದ.

"ಅಧ್ಯಕ್ಷ ಇದ್ದಿದ್ದರೆ ಉಗೀತಿದ್ದ. ನನ್ನ ಮುಖದ ಮೇಲೇ ಉಗೀತಿದ್ದ."

ಮಾರನೆಯ ದಿನ ಒಡತಿಗೆ ತಾನೇ ಎಲ್ಲ ಹೇಳಿದ. ಅವಳು ಕೂಗಾಡಲಿಲ್ಲ. ಜ್ವರ ಬಂದಾಗಲೇ ಹೇಳಿದ್ದರೆ ಏನಾದರೂ ಮಾಡಬಹುದಿತ್ತು ಎಂದಳು. ಹೊಸಬನೊಬ್ಬನನ್ನು ಬಿಯರ್ ಮಾಡಲು ಇಟ್ಟುಕೊಂಡಳು; ಇವನಿಗೆ ಬಾಯ್ಲರೂ ಟ್ಯಾಂಕು ತೊಳೆಯುವ ಕೆಲಸವೂ ಉಳಿದವು. ಅದಕ್ಕೆ ಪೀಪಾಯಿಯ ಎದೆ ಒಡೆಯಲಿಲ್ಲ. ಕೆಲಸ ಕಳೆದುಕೊಂಡು ಅವನಿಗೆ ಅಭ್ಯಾಸವಿತ್ತು. ಅವನನ್ನು ತಿಂದದ್ದು ಬೇರೆ. ಟ್ಯಾಂಕು ಉಜ್ಜುತ್ತ ಹಳೆಯ ಶನಿವಾರಗಳನ್ನೆಲ್ಲ ಒಂದೊಂದಾಗಿ ನೆನೆದುಕೊಳ್ಳುವನು. ಆ ಸಲ ಚೆನ್ನಾಗಿದೆ ಎಂದರಲ್ಲ, ನಿಜವೇ? ಇನ್ನೊಂದು ಸಲ ಅಕ್ಕ ಎರಡನೇ ಲೋಟ ಕೇಳಿದಳಲ್ಲ, ಅದು? ನಾಯಿಯೂ ಬಸ್ಸೂ ನಿಜ ಎಂದು ಗೊತ್ತು. ಹೊಗಳಿದ್ದೆಲ್ಲ ಕೈಯಿಂದ ಜಾರಿತು.

ಕೆಲವು ವಾರ ಅವರು ಬರಲಿಲ್ಲ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಬಂದು, ಏನೂ ಆಗಿಲ್ಲವೆಂಬಂತೆ ಗುಂಡು ಟೇಬಲಿಗೆ ಕೂತರು. ಪೀಪಾಯಿ ಏಪ್ರನ್ ಬಿಚ್ಚಿ, ಕೈ ಒರೆಸಿಕೊಂಡು ಬಂದು ಕೂತ. ಕೂರಲು ಅವನಿಗೆ ಬೇರೆ ಟೇಬಲು ಇರಲಿಲ್ಲ. ಹೊಸಬನ ಬಿಯರ್ ಬಂತು. ಸುತ್ತಲಿನ ಟೇಬಲುಗಳಲ್ಲಿ ಜನ ಮತ್ತೊಂದು, ಮತ್ತೊಂದು ಎಂದು ತರಿಸಿಕೊಳ್ಳುತ್ತಿದ್ದರು.

"ನಿನ್ನ ಕೈಯದರ ಮುಂದೆ ಇದೇನೂ ಅಲ್ಲ ಬಿಡು," ಎಂದ ಲೇತಣ್ಣ.

"ಹೌದಾ?"

"ನಾನೇನು ಸುಳ್ಳು ಹೇಳ್ತೀನಾ?" ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ.

ಅಕ್ಕ ಲೋಟ ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು. "ಚೆನ್ನಾಗಿದೆ ಕಣೋ ಪೀಪಾಯಿ," ಎಂದಳು. "ಹೊಸಬನದು ಚೆನ್ನಾಗಿದೆ. ನಿನ್ನ ಒಳ್ಳೆ ದಿನದ್ದರಷ್ಟೇ ಚೆನ್ನಾಗಿದೆ. ನಿಜ ಹೇಳ್ತಾ ಇದ್ದೀನಿ, ನನ್ನಾಣೆ."

ಪೀಪಾಯಿ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಅಳುವುದು ಕಂಡಿತು. ನಿಜ ಹೇಳಿದ್ದಕ್ಕೆ ಅಳುತ್ತಾಳೋ, ಇನ್ನೊಂದು ಸುಳ್ಳಿಗೆ ಅಳುತ್ತಾಳೋ, ತಿಳಿಯುವ ದಾರಿ ಅವನಲ್ಲಿ ಇರಲಿಲ್ಲ. ಲೋಟ ಎತ್ತಿ ಕುಡಿದ. ತಣ್ಣಗಿತ್ತು. ಗುಳ್ಳೆಗಳು ನಾಲಿಗೆಗೆ ಚುಚ್ಚಿ ಒಡೆದವು.

"ಇರಬಹುದು," ಎಂದ.

ಡ್ರೈವರ್ ಆಲೂಗಡ್ಡೆಯ ತಟ್ಟೆಯನ್ನು ಅವನ ಮುಂದೆ ಸರಿಸಿದ. ಪೀಪಾಯಿ ಒಂದು ತುಂಡು ತೆಗೆದುಕೊಂಡು ಅಗಿಯುತ್ತ ಕೂತ. ಒಳಗಿನಿಂದ ಹೊಸಬ ಬಾಯ್ಲರ್ ನೋಡಲು ಕೂಗಿದಾಗ ಎದ್ದು ಹೋದ.