ಗಡಿಯಾರದ ಡಬ್ಬಿಯಲ್ಲಿ ಚುರುಟು

ಸಿನಿಮಾದಲ್ಲಿ ಶ್ರೀಮಂತರು ಚುರುಟನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಹೊರಳಿಸುವುದನ್ನು ಮೇಷ್ಟ್ರು ಎಷ್ಟೋ ಸಲ ನೋಡಿದ್ದರು. ಹಾಗೆ ಹೊರಳಿಸಿದರೆ ಏನು ಕೇಳಿಸುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ಸೋಮವಾರ ಸಂಜೆ ಭಾವನ ಗಡಿಯಾರದ ಅಂಗಡಿಯಲ್ಲಿ ಗೊತ್ತಾಯಿತು. ಒಣಗಿದ ತರಗೆಲೆ ತುಳಿದ ಸದ್ದು ಕೇಳಿಸುತ್ತದೆ. ಮರುಕ್ಷಣವೇ ಚುರುಟಿನ ಒಂದು ತುದಿ ಪುಡಿಯಾಗಿ ಮೇಷ್ಟ್ರ ಕಾಲರಿನೊಳಗೆ ಇಳಿಯಿತು. ಕೈಗಡಿಯಾರಕ್ಕೆ ಬೆಲ್ಟು ಹಾಕಿಸಲು ಬಂದಿದ್ದ ಹೆಂಗಸು, ಮೇಷ್ಟ್ರ ಹಳೆಯ ವಿದ್ಯಾರ್ಥಿನಿ ಬೇರೆ, "ಸಾರ್, ನೀವೂ ಶುರು ಹಚ್ಕೊಂಡ್ರಾ?" ಎಂದಳು.

ಮೇಷ್ಟ್ರು ಭೂಗೋಳ ಕಲಿಸುವವರು. ಆ ಹೊತ್ತಿಗೆ ಭೂಮಿ ಬಾಯ್ಬಿಟ್ಟಿದ್ದರೆ ಯಾವ ಪದರದವರೆಗೂ ಇಳಿಯಲು ಸಿದ್ಧರಿದ್ದರು.

ಭಾವ ಒಂದು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆ ಎದ್ದು ಬಂದರು. ಬೈಯಲಿಲ್ಲ. ಚಿಮುಟದಲ್ಲಿ ಮೈದುನನ ಕುತ್ತಿಗೆಯಿಂದ ಎಲೆಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟರು.

"ಅಲ್ಲಾಡಬೇಡಿ ಮೇಷ್ಟ್ರೇ. ಇದಕ್ಕೆ ಬಿಡಿಭಾಗ ಸಿಗೋದಿಲ್ಲ."

ಅದು ಅಂತಿಂಥ ಚುರುಟಲ್ಲ. ಹನ್ನೊಂದು ವರ್ಷದ ಹಿಂದೆ ಒಬ್ಬ ಹಡಗಿನ ಕ್ಯಾಪ್ಟನ್ ತನ್ನ ಅಜ್ಜನ ಕಾಲದ ಜೇಬುಗಡಿಯಾರವನ್ನು ತಂದಿದ್ದ. ನಾಲ್ಕು ಊರಿನವರು ಕೈಚೆಲ್ಲಿದ್ದ ಗಡಿಯಾರ. ಭಾವ ಹದಿನೆಂಟು ದಿನ ಅದರ ಹೊಟ್ಟೆಯೊಳಗೆ ತಲೆಯಿಟ್ಟು ಕೂತು ಉಸಿರು ಬರಿಸಿದರು. ಕ್ಯಾಪ್ಟನ್ ಅದನ್ನು ಕಿವಿಗೆ ಹಿಡಿದು ಕಣ್ಣೊರೆಸಿಕೊಂಡು, ಕೋಟಿನಿಂದ ಈ ಚುರುಟು ತೆಗೆದುಕೊಟ್ಟ. "ರಾಜರು ಸೇದೋ ಮಾಲು. ಸರಿಯಾಗಿ ಸೇದಿದ್ರೆ ತೊಂಬತ್ತು ನಿಮಿಷ ಉರಿಯುತ್ತೆ. ತೊಂಬತ್ತು ನಿಮಿಷದ ಖುಷಿ ಬಂದ ದಿನ ಹಚ್ಚಿ" ಎಂದ.

ತೊಂಬತ್ತು ನಿಮಿಷ ಎಂದರೆ ಭಾವನ ಮಟ್ಟಿಗೆ ಒಂದೇ ಅರ್ಥ: ಒಂದು ಫುಟ್‌ಬಾಲ್ ಪಂದ್ಯ. ಬೀಡಿಯನ್ನೂ ಮುಟ್ಟದ ಮನುಷ್ಯ ಅವತ್ತೇ ಸಂಕಲ್ಪ ಮಾಡಿಬಿಟ್ಟರು. ಊರಿನ ತಂಡ ಕಪ್ಪಿನ ಫೈನಲ್ ಆಡುವ ದಿನ ಇದನ್ನು ಹಚ್ಚುವುದು. ತಂಡವೂ ಕಡಿಮೆಯದಲ್ಲ. ಹನ್ನೊಂದು ವರ್ಷದಲ್ಲಿ ಆರು ಸಲ ಸೆಮಿಫೈನಲ್‌ವರೆಗೆ ಬಂದು ಆರು ಸಲವೂ ಬಾಗಿಲಲ್ಲೇ ಎಡವಿತ್ತು. ಈ ಸಲ ಹೇಗೋ ಹೊಸ್ತಿಲು ದಾಟಿತ್ತು. ಭಾನುವಾರ ಮಧ್ಯಾಹ್ನ ಫೈನಲ್.

ಈ ಹನ್ನೊಂದು ವರ್ಷವೂ ಚುರುಟನ್ನು ಭಾವ ಕಣ್ಣರೆಪ್ಪೆಯಂತೆ ಕಾಪಾಡಿದ್ದರು. ಗಡಿಯಾರದವರಿಗೆ ಜಗತ್ತಿನಲ್ಲಿ ಒಬ್ಬನೇ ಶತ್ರು, ತೇವ. ಆದ್ದರಿಂದ ಬೆಲೆಬಾಳುವ ಯಂತ್ರಗಳನ್ನಿಡುವ ಗಾಳಿಯಾಡದ ಡಬ್ಬಿಯಲ್ಲೇ ಚುರುಟನ್ನೂ ಇಟ್ಟು, ಸುತ್ತ ತೇವ ಹೀರುವ ಹರಳಿನ ಪೊಟ್ಟಣ ಜೋಡಿಸಿ, ವರ್ಷಕ್ಕೊಮ್ಮೆ ಮರೆಯದೆ ಪೊಟ್ಟಣ ಬದಲಾಯಿಸುತ್ತಿದ್ದರು. ಮರುಭೂಮಿಯ ಪಾಠವನ್ನು ಇಪ್ಪತ್ತೆರಡು ವರ್ಷ ಮಾಡಿದ್ದ ಮೇಷ್ಟ್ರಿಗೂ, ಭಾವನ ಕಪಾಟಿನಲ್ಲಿ ಒಂದು ಮರುಭೂಮಿ ಇದೆಯೆಂದು ಹೊಳೆದಿರಲಿಲ್ಲ.

ಇಬ್ಬರೂ ಚುರುಟನ್ನು ಹತ್ತಿಯಲ್ಲಿ ಸುತ್ತಿಕೊಂಡು ಮೂಲೆಯ ತಂಬಾಕಿನ ಅಂಗಡಿಗೆ ಓಡಿದರು. ಅಂಗಡಿಯವನು ಮೂಸಿ ನೋಡಿ, ನಿಟ್ಟುಸಿರುಬಿಟ್ಟ.

"ಮಾಲು ಮಹಾ ಮಾಲು ಸಾರ್. ಆದ್ರೆ ಈಗ ಸೌದೆ. ಹಚ್ಚಿದ್ರೆ ಕಾಲು ಗಂಟೇಲಿ ಬೂದಿ."

"ಏನು ಮಾಡಬೇಕು?" ಎಂದರು ಭಾವ.

"ತೇವ ಕುಡಿಸಬೇಕು, ನಿಧಾನಕ್ಕೆ. ಅವಸರ ಮಾಡಿದ್ರೆ ಉಬ್ಬಿ ಸಿಡಿಯುತ್ತೆ. ಒಂದು ತಿಂಗಳು ಬೇಕು."

"ಆರು ದಿನ ಇದೆ."

"ಹಾಗಾದ್ರೆ ದೇವರಿದ್ದಾನೆ."

ದೇವರ ಜೊತೆಗೆ ಭಾವನೂ ಇದ್ದರು. ಒಂದು ಜಾಮ್ ಬಾಟಲಿ, ತಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೆಂಕಿಕಡ್ಡಿಗಳ ತೊಟ್ಟಿಲು, ತೊಟ್ಟಿಲಲ್ಲಿ ಚುರುಟು. ಗಡಿಯಾರಕ್ಕೆ ಎಣ್ಣೆ ಬಿಡುವ ಸೂಜಿಯಿಂದ ದಿನಕ್ಕೆ ಮೂರು ಹೊತ್ತು ಸ್ಪಂಜಿಗೆ ಎಣಿಸಿದ ಹನಿ. ಬೆಳಿಗ್ಗೆ ಎದ್ದವರೇ ಚುರುಟನ್ನು ಕಾಲು ಸುತ್ತು ಮಗ್ಗುಲು ಬದಲಿಸಿ, ಬೆರಳ ತುದಿಯಲ್ಲಿ ಮುಟ್ಟಿ ನೋಡುವರು.

"ನನಗೆ ಟೈಫಾಯ್ಡ್ ಬಂದಾಗ ಇಷ್ಟು ಸಲ ಹಣೆ ಮುಟ್ಟಿ ನೋಡಿರ್ಲಿಲ್ಲ" ಎಂದಳು ಅಕ್ಕ.

"ನೀನು ಗಟ್ಟಿ ಕಣೆ" ಎಂದರು ಭಾವ, ಬಾಟಲಿಯಿಂದ ಕಣ್ಣು ಕೀಳದೆ.

ಮೇಷ್ಟ್ರು ಪಾಪಪ್ರಜ್ಞೆಯಿಂದ ದಿನಾ ಸಂಜೆ ರೋಗಿಯನ್ನು ನೋಡಲು ಬರುವವರಂತೆ ಬಂದು ಹೋಗುತ್ತಿದ್ದರು. ಒಮ್ಮೆ ಬಾಟಲಿಯ ಕಡೆ ಕೈಚಾಚಿದಾಗ ಅಕ್ಕ, "ಲೋ, ಕೈ ಕಟ್ಕೊಂಡು ನಿಂತ್ಕೋ" ಎಂದು ಗದರಿದಳು. ಐವತ್ತೊಂದನೆಯ ವಯಸ್ಸಿನಲ್ಲಿ ಮೇಷ್ಟ್ರು ಕೈಕಟ್ಟಿ ನಿಂತರು.

ಶನಿವಾರದ ಹೊತ್ತಿಗೆ ಚುರುಟು ಒತ್ತಿದರೆ ಮೆತ್ತಗೆ ಬಗ್ಗಿ ಮತ್ತೆ ಎದ್ದು ಕೂರುವಷ್ಟು ಚೇತರಿಸಿಕೊಂಡಿತ್ತು. ಉಳಿದದ್ದು ಬಾಯಿಗಿಡುವ ತುದಿಯ ಗಾಯ. ಭಾವ ಅಡುಗೆಮನೆಯಿಂದ ಒಂದು ಮೊಟ್ಟೆ ತಂದರು. ಭೂತಗನ್ನಡಿ ಏರಿಸಿ, ಸೂಜಿಯನ್ನು ಮೊಟ್ಟೆಯ ಬಿಳಿಯಲ್ಲಿ ಅದ್ದಿ, ಕಾಗದದ ಮೇಲಿನ ಹದಿನಾರು ಚೂರುಗಳನ್ನೂ ಒಂದರ ಪಕ್ಕ ಒಂದು ಅಂಟಿಸಿದರು. ಎರಡೂವರೆ ಗಂಟೆ ಹಿಡಿಯಿತು. ಮೇಷ್ಟ್ರು ಅಷ್ಟೂ ಹೊತ್ತು ಉಸಿರು ಬಿಗಿಹಿಡಿದೇ ಇದ್ದರು, ತಮ್ಮ ಸೀನಿನ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ.

ಭಾನುವಾರ ಅಕ್ಕ ಗಡಿ ಗುರುತಿಸಿದಳು. "ಹೊಗೆ ಆಚೆ, ಟಿವಿ ಈಚೆ." ಹಾಗಾಗಿ ಟಿವಿಯನ್ನು ಕಿಟಕಿಗೆ ತಿರುಗಿಸಿ, ಬಾಲ್ಕನಿಯಲ್ಲಿ ಎರಡು ಕುರ್ಚಿ ಹಾಕಲಾಯಿತು. ಸೀಟಿ ಊದಿದ ಕ್ಷಣಕ್ಕೆ ಮೇಷ್ಟ್ರು ಕಡ್ಡಿ ಗೀರಿದರು. ಭಾವ ಮೊದಲ ಎಳೆತಕ್ಕೆ ಕೆಮ್ಮಿ, ಕಣ್ಣೀರು ತಂದುಕೊಂಡು, ಎರಡನೆಯದಕ್ಕೆ ಕುರ್ಚಿಗೆ ಒರಗಿದರು. ನೀಲಿ ಹೊಗೆ ಒಣಹಾಕಿದ ಬಟ್ಟೆಗಳ ನಡುವೆ ಹಾದು ಬೀದಿಗೆ ಹೊರಟಿತು. ಕೈಯಲ್ಲಿ ಗಡಿಯಾರ, ನಿಮಿಷಕ್ಕೆ ಒಂದೇ ಎಳೆತ. ನಡುವೆ ಗೋಲು ಬೀಳಲಿ, ಸಿಡಿಲು ಬೀಳಲಿ, ಎರಡನೆಯದಿಲ್ಲ.

ತೊಂದರೆ ಎಂದರೆ ಎದುರುಮನೆಯ ಟಿವಿ. ಅದು ಇವರದಕ್ಕಿಂತ ಮುಂದಿತ್ತು. ಎದುರಾಳಿಗಳು ಗೋಲು ಹೊಡೆಯುವ ಮೊದಲೇ ಎದುರುಮನೆ ಅಯ್ಯೋ ಎಂದು ನರಳಿತು.

"ಏಳು ಸೆಕೆಂಡು" ಎಂದರು ಭಾವ, ಗಡಿಯಾರ ನೋಡಿ.

ವಿರಾಮದಲ್ಲಿ ಆರಿದ ಚುರುಟನ್ನು ಮತ್ತೆ ಹಚ್ಚಿದರು. ಅರವತ್ತೆರಡನೆಯ ನಿಮಿಷದಲ್ಲಿ ನಮ್ಮವರು ಸಮ ಮಾಡಿದರು. ಎಂಬತ್ತೊಂಬತ್ತಕ್ಕೆ ಭಾವನ ಬೆರಳ ನಡುವೆ ಹೆಬ್ಬೆರಳಿನಷ್ಟು ತುಂಡು ಉಳಿದಿತ್ತು, ಕೆಂಡ ಆರಿರಲಿಲ್ಲ. ಆಗ ಇಡೀ ಬೀದಿ ಸಿಡಿಯಿತು. ಯಾರೋ ತಟ್ಟೆ ಬಡಿದರು, ಯಾರೋ ಅತ್ತರು. ಇವರ ಟಿವಿಯಲ್ಲಿ ಮಾತ್ರ ಎಂಟನೇ ನಂಬರಿನ ಹುಡುಗ ಚೆಂಡಿಟ್ಟುಕೊಂಡು ಇನ್ನೂ ಮೈದಾನದ ನಡುವೆಯೇ ಇದ್ದ.

"ಅಯ್ಯೋ, ಗೊತ್ತಾಗೋಯ್ತಲ್ಲ ಭಾವ!"

"ಸುಮ್ನಿರಿ. ಇನ್ನೂ ಐದು ಸೆಕೆಂಡು ನಂದು."

ಆ ಐದು ಸೆಕೆಂಡನ್ನು ಭಾವ ಸೇದಿದರು. ತಿಳಿದ ಖುಷಿ ತಮ್ಮ ಮನೆಗೆ ನಡೆದುಬರುವುದನ್ನು ಬಾಗಿಲಲ್ಲಿ ನಿಂತು ನೋಡುವವರಂತೆ, ನಿಧಾನಕ್ಕೆ, ಬಾಯಿತುಂಬ. ಹುಡುಗ ಒದ್ದ. ಬಲೆ ಅಲುಗಿತು. ಮೂವತ್ತು ವರ್ಷದಿಂದ ದನಿ ಎತ್ತದ ಭಾವ ಬಾಲ್ಕನಿಯ ಕಂಬಿ ಹಿಡಿದು ಎಂಥದೋ ಒಂದು ಕೂಗು ಹಾಕಿದರು, ಗಡಿ ಮರೆತ ಅಕ್ಕ ಹೊಗೆಯೊಳಗೇ ಓಡಿಬಂದು ಅವರ ಬೆನ್ನಿಗೆ ಗುದ್ದಿದಳು, ಮೇಷ್ಟ್ರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದು ಬಿದ್ದಲ್ಲೇ ಚಪ್ಪಾಳೆ ತಟ್ಟಿದರು.

ಕೊನೆಯ ಸೀಟಿಗೂ ಕೆಂಡ ಇತ್ತು. ಭಾವ ತುಂಡನ್ನು ತಟ್ಟೆಯ ಅಂಚಿಗೆ ಇಟ್ಟು, ಗಡಿಯಾರವನ್ನು ಜೇಬಿಗೆ ಇಳಿಸಿದರು.

ಮೇಷ್ಟ್ರು ನೆಲದಿಂದಲೇ ಕೇಳಿದರು: "ನಿಜ ಹೇಳಿ ಭಾವ. ಹನ್ನೊಂದು ವರ್ಷ ಕಾದ್ರಲ್ಲ, ರಾಜರು ಸೇದೋ ಮಾಲು, ರುಚಿ ಹೇಗಿತ್ತು?"

ಭಾವ ನಾಲಿಗೆಯನ್ನು ತುಟಿಯ ಮೇಲೆ ಒಮ್ಮೆ ಆಡಿಸಿ ಯೋಚಿಸಿದರು.

"ಆಮ್ಲೆಟ್ ಥರ ಇತ್ತು. ಉಪ್ಪು ಸ್ವಲ್ಪ ಕಡಿಮೆ."